ಹೇಳದಪ್ಪನ ಗುಡ್ಡ

ಹುರುಳಿಹಾಳಿನಿಂದ ಪಡುವಣಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಕಂಡಕ್ಟರನಿಗೆ 'ಹೇಳದಪ್ಪ' ಎಂದರೆ ಸಾಕು, ಮರುಮಾತಿಲ್ಲದೆ ಟಿಕೆಟ್ ಕೊಡುತ್ತಾನೆ. ಇಳಿದವರ ಎದುರಿಗೆ ನಿಲ್ಲುವುದು ಒಂದು ಬೋಳು ಗುಡ್ಡ. ಎತ್ತರವೇನೂ ಇಲ್ಲ. ಮಲಗಿದ ಎಮ್ಮೆಯ ಬೆನ್ನಿನಂತಹ ಕರಿಕಲ್ಲು, ಅಲ್ಲಲ್ಲಿ ಕಾರೆ ಮತ್ತು ತಂಗಡಿಯ ಪೊದೆಗಳು, ತಪ್ಪಲಿನ ಸುತ್ತ ಶೇಂಗಾ, ಸಜ್ಜೆಯ ಹೊಲಗಳು. ಹೊಸಬರು ಇದು ಯಾವುದೋ ದೇವರ ಹೆಸರೆಂದುಕೊಂಡು ಗುಡಿ ಎಲ್ಲಿದೆ ಎಂದು ಕೇಳುವುದುಂಟು. ಇಲ್ಲಿ ಗುಡಿಯಿಲ್ಲ. ಹೇಳದಪ್ಪ ಎಂದರೆ ಹೇಳದೆ ಉಳಿದ ಅಪ್ಪ. ಅವನು ನಮ್ಮ ನಿಮ್ಮಂತೆ ಹೊಲ ಉತ್ತು ಬದುಕಿದ ಒಬ್ಬ ಮನುಷ್ಯ. ಅವನ ನಿಜವಾದ ಹೆಸರು ಪಾಲಯ್ಯ. ನಾನು ಈ ಸುತ್ತಿನ ಶಾಲೆಗಳಲ್ಲಿ ಮೇಷ್ಟರಾಗಿ ತಿರುಗಿದ ಕಾಲದಲ್ಲಿ ಬೇರೆ ಬೇರೆ ಊರಿನ ಹಿರಿಯರಿಂದ ಈ ಐತಿಹ್ಯವನ್ನು ಕೇಳಿದ್ದೇನೆ. ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಕಡೆ ನಿಲ್ಲುತ್ತಾರೆ. ಅದು ಯಾವುದೆಂಬುದು ಮುಂದೆ ತಿಳಿಯುತ್ತದೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಹಂಚಿಕೊಂಡು ಆಳುತ್ತಿದ್ದಾಗ, ಕರಡಿಕೋಟೆಯ ನಾಯಕನಿಗೂ ಹೊನ್ನಗುಂಡಿಯ ಕೋಟೆಯವರಿಗೂ ಯುದ್ಧ ಹತ್ತಿಕೊಂಡಿತು. ಪಾಲಯ್ಯ ಕರಡಿಕೋಟೆಯ ಕಡೆಯ ಕಾಲಾಳು. ಬಿತ್ತನೆಯ ಕಾಲದಲ್ಲಿ ನೇಗಿಲು, ದಂಡು ಹೊರಟಾಗ ಈಟಿ, ಹೀಗೆ ಎರಡನ್ನೂ ಹಿಡಿದು ಬೆಳೆದವನು. ಹೊನ್ನಗುಂಡಿಯನ್ನು ಕಾಯುತ್ತಿದ್ದ ಕಂಪಣ್ಣನೆಂಬ ವೀರ ಬುರುಜಿನ ಮೇಲಿಂದ ಬಿಟ್ಟ ಬಾಣ ನಾಯಕನ ತಮ್ಮನ ಕೊರಳಿಗೆ ನಾಟಿತು. ತಮ್ಮನ ಹೆಣದ ಪಕ್ಕದಲ್ಲೇ ನಿಂತು ನಾಯಕ, ಕಂಪಣ್ಣನ ವಂಶದಲ್ಲಿ ದೀಪ ಹಚ್ಚಲು ಒಂದು ಗಂಡುಕುಡಿಯೂ ಉಳಿಯಕೂಡದು ಎಂದು ಆಣೆಯಿಟ್ಟ. ಕೋಟೆ ಬಿತ್ತು. ಕಂಪಣ್ಣನೂ ಬಿದ್ದ. ಸೈನಿಕರು ಮನೆ ಮನೆ ನುಗ್ಗುತ್ತಿದ್ದಾಗ ಪಾಲಯ್ಯನ ತೊಡೆಗೆ ಕತ್ತಿಯೇಟು ಬಿದ್ದಿತ್ತು. ಅವನು ಕಾಲೆಳೆದುಕೊಂಡು ಕಂಪಣ್ಣನ ಮನೆಯ ಕಣಜದ ಮರೆಗೆ ಸರಿದ. ಅಲ್ಲಿ ಕಂಪಣ್ಣನ ಹೆಂಡತಿ ಸತ್ತು ಬಿದ್ದಿದ್ದಳು. ಅವಳ ಮಗ್ಗುಲಲ್ಲಿ, ಜೋಳದ ರಾಶಿಯ ಮೇಲೆ, ಇನ್ನೂ ಕುತ್ತಿಗೆ ನಿಲ್ಲದ ಕೂಸು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅಳಲಿಲ್ಲ. ಅತ್ತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು ಎನ್ನುತ್ತಾರೆ. ಪಾಲಯ್ಯ ಅದನ್ನು ತನ್ನ ಕಂಬಳಿಯಲ್ಲಿ ಸುತ್ತಿ, ಲೂಟಿಯ ಗಂಟಿನಂತೆ ಹೆಗಲಿಗೇರಿಸಿಕೊಂಡು ಹೊರಬಂದ.

ಮನೆಯಲ್ಲಿ ಅವನ ಹೆಂಡತಿ ಸಿರಿಯವ್ವನಿಗೂ ಆಗ ಎಳೆಗೂಸು. ಗಂಡನ ಕಂಬಳಿ ಬಿಚ್ಚಿ ನೋಡಿದ ಅವಳು ಕೇಳಿದ್ದು ಒಂದೇ ಮಾತು.

"ಇದರ ಅಪ್ಪನ್ನ ಕೊಂದೋರು ಯಾರು?"

"ನಾನೇ ಇರಬೌದು. ಆ ಗದ್ಲದಾಗೆ ಯಾರ ಕತ್ತಿ ಯಾರಿಗೆ ಬಿತ್ತೋ ಯಾರಿಗ್ಗೊತ್ತು."

ಸಿರಿಯವ್ವ ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಆ ವಿಷಯವನ್ನು ಗಂಡಹೆಂಡಿರು ಮತ್ತೆ ಎತ್ತಲಿಲ್ಲವಂತೆ.

ಯುದ್ಧದಲ್ಲಿ ರಕ್ತ ಸುರಿಸಿದವರಿಗೆ ಆಗ ನೆತ್ತರುಕೊಡಿಗೆ ಎಂದು ಹೊಲ ಕೊಡುವ ರೂಢಿಯಿತ್ತು. ಕುಂಟುತ್ತ ಬಂದ ಪಾಲಯ್ಯನಿಗೆ ನಾಯಕ ಈ ಗುಡ್ಡದ ತಪ್ಪಲಿನ ಎರೆಹೊಲವನ್ನು ಕೊಟ್ಟು, ದಂಡಿನ ಎದುರಿನಲ್ಲಿ, "ಇವನ ಸಂತಾನವನ್ನು ನಮ್ಮ ಮನೆತನ ಕಾಯುತ್ತದೆ" ಎಂದು ಕೈಯೆತ್ತಿ ಹೇಳಿದ. ಪಾಲಯ್ಯ ಹಳೆಯ ಊರು ಬಿಟ್ಟು, ಗಾಡಿಯಲ್ಲಿ ಹೆಂಡತಿಯನ್ನೂ ಎರಡು ಕೂಸುಗಳನ್ನೂ ಕೂರಿಸಿಕೊಂಡು ಇಲ್ಲಿಗೆ ಬಂದ. ನೋಡಿದವರು ಅವಳಿ ಮಕ್ಕಳೆಂದುಕೊಂಡರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈರ, ಸೂರ ಎಂಬ ಆ ಹುಡುಗರು ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿ, ದನ ಕಾಯುವಷ್ಟು, ಕವಣೆ ಬೀಸುವಷ್ಟು ದೊಡ್ಡವರಾದರು.

ಅಷ್ಟರಲ್ಲಿ, ಹೊನ್ನಗುಂಡಿಯ ಮುತ್ತಿಗೆಯಲ್ಲಿ ಜೊತೆಗಿದ್ದ ಸೈನಿಕನೊಬ್ಬ ಎಲ್ಲೋ ಕುಡಿದ ಅಮಲಿನಲ್ಲಿ, ಪಾಲಯ್ಯ ಕಣಜದಿಂದ ಹೊತ್ತು ತಂದ ಗಂಟು ಮಿಸುಕಾಡುತ್ತಿತ್ತು ಎಂದು ಬಾಯಿ ಬಿಟ್ಟ. ಮಾತು ಕರಡಿಕೋಟೆ ಮುಟ್ಟಿತು. ನಾಯಕ ತನ್ನ ದಳವಾಯಿ ಹಂಪಯ್ಯನನ್ನು ಕುದುರೆಯವರೊಂದಿಗೆ ಕಳಿಸಿದ. ಪಾಲಯ್ಯ ಕಣದಲ್ಲಿ ಸಜ್ಜೆ ತೂರುತ್ತಿದ್ದ. ದಳವಾಯಿ ಕುದುರೆಯಿಂದ ಇಳಿಯಲೂ ಇಲ್ಲ.

"ಕಂಪಣ್ಣನ ಮಗ ಯಾವನು, ತೋರಿಸು."

"ಇಬ್ರೂ ನನ್ ಮಕ್ಳೇ, ಒಡೆಯ."

ಹಂಪಯ್ಯ ಕ್ರೂರಿಯಲ್ಲ, ಆದರೆ ಕೊಟ್ಟ ಕೆಲಸ ಮುಗಿಸದೆ ಹಿಂದಿರುಗಿದವನೂ ಅಲ್ಲ ಎನ್ನುತ್ತಾರೆ. ಅವನು ಸಿಕ್ಕಿಕೊಂಡದ್ದು ನಾಯಕನ ಎರಡು ಮಾತುಗಳ ನಡುವೆ. ಒಂದು ವಂಶವನ್ನು ಅಳಿಸುತ್ತೇನೆಂದು ಆಣೆಯಿಟ್ಟ ಬಾಯೇ ಇನ್ನೊಂದು ವಂಶವನ್ನು ಕಾಯುತ್ತೇನೆಂದು ಹೇಳಿತ್ತು. ಈಗ ಎರಡೂ ವಂಶಗಳು ಒಂದೇ ಜಗಲಿಯ ಮೇಲೆ ಕುಳಿತಿದ್ದವು. ಇಬ್ಬರನ್ನೂ ಕೊಂದರೆ ನಾಯಕನ ಮಾತು ಮುರಿಯುತ್ತಿತ್ತು, ಇಬ್ಬರನ್ನೂ ಬಿಟ್ಟರೂ ಮುರಿಯುತ್ತಿತ್ತು. ಯಾರು ಯಾರೆಂದು ತಿಳಿಯಲೇಬೇಕಿತ್ತು. ಹುಡುಗರನ್ನು ಕೇಳಿದ. ಅವರಿಗೇ ಗೊತ್ತಿರಲಿಲ್ಲ. ಮೊದಲು ಈರ ಮುಂದೆ ಬಂದು, "ನಾನೇ ಅವನ ಮಗ, ನನ್ನನ್ನ ಕರ್ಕೊಂಡು ಹೋಗ್ರಿ" ಎಂದ. ಅವನ ಮಾತು ಮುಗಿಯುವ ಮೊದಲೇ ಸೂರ, "ಸುಳ್ಳು, ನಾನು" ಎಂದ. ಪಾಲಯ್ಯ ಅವರ ಮೇಲೆ ದನಿಯೇರಿಸಿದ್ದು ಅದೊಂದೇ ಸಲವಂತೆ. "ಬಾಯಿ ಮುಚ್ರೋ ಇಬ್ರೂ! ಅಪ್ಪ ಇಲ್ಲಿ ಇನ್ನೂ ಸತ್ತಿಲ್ಲ."

ದಳವಾಯಿ ಪಾಲಯ್ಯನನ್ನು ಗುಡ್ಡದ ಮೇಲಕ್ಕೆ ಹತ್ತಿಸಿದ. ಸುಗ್ಗಿ ಮುಗಿಯುತ್ತ ಬಂದ ಕಾಲ, ಮರದ ನೆರಳೂ ಇಲ್ಲದ ಕಲ್ಲು. ಅಲ್ಲಿ ಅವನನ್ನು ಕೂರಿಸಿ, ಹೇಳುವವರೆಗೆ ಒಂದು ಗುಟುಕು ನೀರಿಲ್ಲ ಎಂದು ಕಾವಲಿಟ್ಟ. ಹುಡುಗರನ್ನು ಕೆಳಗೆ ಕಟ್ಟಿಹಾಕಿದರು. ಊರವರು ಹೊಲದ ಬದುಗಳ ಮೇಲೆ ನಿಂತು ತಲೆಯೆತ್ತಿ ನೋಡಿದರು, ಯಾರಿಗೂ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಮಾರನೆಯ ದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪಾಲಯ್ಯನ ತುಟಿ ಒಡೆದಿತ್ತು, ಹಳೆಯ ಗಾಯದ ಕಾಲು ಮರಗಟ್ಟಿತ್ತು. ಸಿರಿಯವ್ವ ಕೊಡದ ತುಂಬ ನೀರು ಹೊತ್ತು ಗುಡ್ಡ ಹತ್ತಿದಳು. ಕಾವಲಿನವರು ಈಟಿ ಅಡ್ಡ ಹಿಡಿದರು.

"ನೀನಾದರೂ ಹೇಳು ತಾಯಿ," ಎಂದ ಹಂಪಯ್ಯ. "ಹೆತ್ತವಳಿಗೆ ಗೊತ್ತಿಲ್ಲದ್ದೇನು? ಒಂದು ಹೆಸರು ಹೇಳು, ಈ ನೀರನ್ನು ನಾನೇ ಅವನ ಬಾಯಿಗೆ ಹಿಡಿಯುತ್ತೇನೆ."

ಸಿರಿಯವ್ವ ಗಂಡನ ಕಡೆ ನೋಡಿದಳು. ಅವನು ಕಣ್ಣು ಮುಚ್ಚಿದ್ದ. ಅವಳು ಕೊಡವನ್ನು ಅಲ್ಲೇ ಬೋರಲು ಹಾಕಿದಳು. ಕಾದ ಕಲ್ಲಿನ ಮೇಲೆ ನೀರು ಚುರ್ರೆಂದು ಹರಿದು ಆರಿಹೋಯಿತು. ಬರಿಗೊಡವನ್ನು ಕಂಕುಳಿಗೆ ಸೇರಿಸಿಕೊಂಡು ಇಳಿದು ಹೋದಳು.

ಆಗ ದಳವಾಯಿಗೆ ಹೆಳವನ ನೆನಪಾಯಿತು. ಹೆಳವರೆಂದರೆ ಎತ್ತಿನ ಮೇಲೆ ಕುಳಿತು ಊರೂರು ಸುತ್ತಿ, ಒಂದೊಂದು ಮನೆಯ ಪೀಳಿಗೆಯನ್ನು ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಬಾಯಲ್ಲೇ ಒಪ್ಪಿಸುವವರು. ಅವರು ಹೇಳಿದ ವಂಶವೇ ವಂಶ, ಅದಕ್ಕೆ ಎದುರುಮಾತಿಲ್ಲ. ಪಾಲಯ್ಯನ ಮನೆತನದ ಹೆಳವ ಸಂಗಣ್ಣ, ಯುದ್ಧಕ್ಕೆ ಮೊದಲು ಹಳೆಯ ಊರಿಗೆ ಬಂದಾಗ, ಸಿರಿಯವ್ವನ ತೊಟ್ಟಿಲಲ್ಲಿ ಒಂದೇ ಕೂಸು ಕಂಡಿದ್ದ. ಅದರ ಹೆಸರನ್ನು ವಂಶಕ್ಕೆ ಸೇರಿಸಿ, ಮೊರದ ತುಂಬ ಕಾಳು ಪಡೆದು ಹೋಗಿದ್ದ. ಹಳೆಯ ಊರಿನವರಿಗೆ ಅದು ಬರೀ ಕೂಸು, ಯಾವ ಹೆಸರು ಮೊದಲಿನದೆಂದು ಗಂಡಹೆಂಡಿರನ್ನು ಬಿಟ್ಟರೆ ಈ ಭೂಮಿಯ ಮೇಲೆ ಬಲ್ಲವನು ಅವನೊಬ್ಬನೇ. ಕುದುರೆಯವರು ಅವನನ್ನು ಹುಡುಕಿ ಕರೆತಂದರು. ಅವನಿಗೆ ಏನೂ ತಿಳಿಸಿರಲಿಲ್ಲ, ಗುಡ್ಡ ಹತ್ತುವಾಗ ಊರವರು ಈರ, ಸೂರ ಎಂದು ಮರುಗುತ್ತಿದ್ದದ್ದಷ್ಟೇ ಕಿವಿಗೆ ಬಿದ್ದಿತ್ತು. ಪಾಲಯ್ಯನ ವಂಶ ಹೇಳು ಎಂದಷ್ಟೇ ಅಪ್ಪಣೆಯಾಯಿತು. ಪಾಲಯ್ಯ ಕಣ್ಣು ತೆರೆದು ಸಂಗಣ್ಣನನ್ನು ನೋಡಿದ. ಮಾತಾಡುವ ಹಾಗಿರಲಿಲ್ಲ, ಸನ್ನೆ ಮಾಡುವ ಹಾಗೂ ಇರಲಿಲ್ಲ.

ಸಂಗಣ್ಣ ಗಂಟೆ ಬಾರಿಸಿ ಶುರು ಮಾಡಿದ. ಮೂಲಪುರುಷ ಬಂದ, ಅವನ ಮಕ್ಕಳು ಬಂದರು, ವಲಸೆ ಬಂದ ಊರುಗಳು, ಕಡಿದ ಕಾಡು, ಕಟ್ಟಿದ ಮನೆ, ಯುದ್ಧದಲ್ಲಿ ಮಡಿದವರು, ಒಬ್ಬೊಬ್ಬರಾಗಿ ಬಂದರು. ಹೇಳುತ್ತ ಹೇಳುತ್ತ ಅವನ ಕಣ್ಣು ಕೆಳಗೆ ಹಗ್ಗದಲ್ಲಿ ಬಿಗಿದ ಇಬ್ಬರು ಹುಡುಗರ ಮೇಲೆ ಬಿತ್ತು. ಈಟಿಗಳನ್ನು ನೋಡಿದ. ಒಡೆದ ತುಟಿಯ ಪಾಲಯ್ಯನನ್ನು ನೋಡಿದ. ದನಿ ಒಂದು ಕ್ಷಣ ನಿಂತಿತು. ಹಂಪಯ್ಯ ಒಂದು ಹೆಜ್ಜೆ ಮುಂದೆ ಬಂದ.

"ಪಾಲಯ್ಯನಿಗೆ ಮಕ್ಕಳು?"

"ಪಾಲಯ್ಯನಿಗೆ ಇಬ್ಬರು," ಎಂದ ಸಂಗಣ್ಣ. "ಈರ, ಸೂರ. ಒಂದೇ ತೊಟ್ಟಿಲು, ಒಂದೇ ಹಾಲು."

"ಗಂಟೆ ಮುಟ್ಟಿ ಹೇಳು."

ಸಂಗಣ್ಣ ಗಂಟೆಯ ಮೇಲೆ ಕೈಯಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದ. ಹೆಳವನ ಆಣೆಯನ್ನು ಸುಳ್ಳೆನ್ನುವ ಅಧಿಕಾರ ದಳವಾಯಿಗಿರಲಿಲ್ಲ. ಹಗ್ಗ ಬಿಚ್ಚಲು ಹೇಳಿದ. ಅವನಿಗೆ ನಂಬಿಕೆ ಬಂದಿತೋ, ಒಪ್ಪಿಕೊಳ್ಳಲು ಒಂದು ದಾರಿ ಸಿಕ್ಕಿದ್ದೇ ಸಾಕೆನಿಸಿತೋ, ಅದನ್ನು ಹೇಳುವವರಿಲ್ಲ. ನಾಯಕ ಮಾತ್ರ ಕೋಪ ಬಿಡದೆ ಕೊಡಿಗೆಯ ಹೊಲವನ್ನು ಹಿಂದಕ್ಕೆ ಪಡೆದ. ಪಾಲಯ್ಯ ಇಬ್ಬರು ಮಕ್ಕಳೊಂದಿಗೆ ಗುಡ್ಡದ ಬುಡದ ಗರಸು ನೆಲವನ್ನೇ ಕಲ್ಲು ಆರಿಸಿ ಹಸನು ಮಾಡಿದ. ಇನ್ನು ಸಂಗಣ್ಣ. ವಂಶದ ವಿಷಯದಲ್ಲಿ ಸುಳ್ಳು ನುಡಿದ ಬಾಯಿ ಮತ್ತೊಂದು ವಂಶ ಹೇಳಬಾರದೆಂದು ಗಂಟೆಯನ್ನು ತನ್ನ ತಮ್ಮನಿಗೆ ಒಪ್ಪಿಸಿ, ಕುರಿ ಕಾಯ್ದುಕೊಂಡು ಬಾಳಿದ. ಪಾಲಯ್ಯ ಎಷ್ಟು ಕರೆದರೂ ಅವನ ಮನೆಯಲ್ಲಿ ಕಾಳು ಮುಟ್ಟಲಿಲ್ಲವಂತೆ.

ಕಾಲ ಸರಿಯಿತು. ನಾಯಕ ಸತ್ತ, ಆಣೆಯನ್ನು ನೆನೆಯುವವರೂ ಇಲ್ಲವಾದರು. ಪಾಲಯ್ಯ ಮುದುಕನಾಗಿ ಹಾಸಿಗೆ ಹಿಡಿದ. ಸಿರಿಯವ್ವ ಮೊದಲೇ ತೀರಿಕೊಂಡಿದ್ದಳು. ಅಷ್ಟು ಹೊತ್ತಿಗೆ ಮೀಸೆ ನರೆಯುತ್ತಿದ್ದ ಈರ, ಸೂರ ಇಬ್ಬರೂ ತಂದೆಯ ಎರಡು ಮಗ್ಗುಲಿಗೆ ಕುಳಿತು ಕೇಳಿದರು.

"ಅಪ್ಪಾ, ಈಗ ಹೆದರೋದು ಏನೂ ಇಲ್ಲ. ನಮಗಾದ್ರೂ ಹೇಳಿ ಹೋಗು. ಕೊಳ್ಳಿ ಇಡೋ ಹಕ್ಕು ಯಾರ್ದು?"

ಪಾಲಯ್ಯ ಇಬ್ಬರ ಕೈಯನ್ನೂ ಹಿಡಿದುಕೊಂಡ.

"ಹೇಳಿದ್ರೆ ನಿಮ್ಮಾಗೆ ಒಬ್ಬ ಇವತ್ತಿಗೆ ತಬ್ಬಲಿ ಆಗ್ತಾನೆ ಕಣ್ರೋ," ಎಂದ. "ಇಬ್ರೂ ಇಡ್ರಿ."

ಇಬ್ಬರೂ ಒಂದೇ ಕೊಳ್ಳಿಗೆ ಕೈ ಹಚ್ಚಿದರು. ಅಂದಿನಿಂದ ಅವನು ಹೇಳದಪ್ಪನಾದ, ಅವನನ್ನು ಕೂರಿಸಿದ್ದ ಗುಡ್ಡ ಹೇಳದಪ್ಪನ ಗುಡ್ಡವಾಯಿತು. ಈ ಕತೆಯನ್ನು ಯಾವ ಊರಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಹೆತ್ತ ಮಗ ಯಾರೆಂದು ಮಾತ್ರ ಹೇಳುವುದಿಲ್ಲ. ಗೊತ್ತಿಲ್ಲ ಎಂದೂ ಹೇಳುವುದಿಲ್ಲ, ಸುಮ್ಮನೆ ಮುಂದಿನ ಮಾತಿಗೆ ಹೋಗುತ್ತಾರೆ.

ಈರಯ್ಯನವರ ಮನೆಗಳು, ಸೂರಯ್ಯನವರ ಮನೆಗಳು ಈಗ ತಪ್ಪಲಿನ ಹಳ್ಳಿಗಳಲ್ಲಿ ಹರಡಿಕೊಂಡಿವೆ. ಎರಡೂ ಕಡೆಯವರು ಅಣ್ಣತಮ್ಮಂದಿರು, ಆದ್ದರಿಂದ ಹೆಣ್ಣು ಕೊಟ್ಟು ತರುವುದಿಲ್ಲ. ಕೆಲವು ವರ್ಷಗಳ ಹಿಂದೆ ವಂಶಾವಳಿ ಹುಡುಕುವ ಹವ್ಯಾಸದ ಒಬ್ಬರು ಕಾರಿನಲ್ಲಿ ಬಂದು, ಈಗ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ತಿಳಿಯುತ್ತದೆ ಎಂದು ವಿವರಿಸಿದರು. ಮನೆಯವರು ಅವರನ್ನು ಗೌರವದಿಂದ ಕೂರಿಸಿ, ಮಜ್ಜಿಗೆ ಕೊಟ್ಟು, ಆ ವರ್ಷದ ಶೇಂಗಾ ಬೆಳೆಯ ಬಗ್ಗೆ ಮಾತಾಡಿ ಕಳಿಸಿದರು. ಗುಡ್ಡದ ನೆತ್ತಿಗೆ ಹತ್ತುವವರು ಇಂದಿಗೂ ಅಲ್ಲಿ ನಿಲ್ಲಿಸಿದ ಒಂದು ಒರಟು ಕಲ್ಲನ್ನು ನೋಡಬಹುದು. ಕಾಲು ಚಾಚಿ ಕುಳಿತ ಗಂಡಸು, ಅವನ ಎರಡು ತೊಡೆಗಳ ಮೇಲೆ ಇಬ್ಬರು ಮಕ್ಕಳು. ಕಲ್ಲುಕುಟಿಗ ಯಾರೋ ತಿಳಿಯದು. ಇಬ್ಬರು ಮಕ್ಕಳ ಮುಖವನ್ನೂ ಅವನು ಒಂದೇ ತೆರನಾಗಿ ಕಡೆದಿದ್ದಾನೆ. ಗಾಳಿ, ಮಳೆ ಎರಡನ್ನೂ ಒಂದೇ ಸಮನೆ ಸವೆಸಿವೆ.