ರೇವವ್ವ ನಿಂತ ನಡುಹೊಳೆಯ ಬಂಡೆ

ಪೂರ್ವಕಾಲದಲ್ಲಿ, ಕೃಷ್ಣವೇಣಿಯ ಈ ತಟದಲ್ಲಿ ಶಿಲಾಮಂಟಪಗಳಾಗಲಿ ಸೋಪಾನಪಂಕ್ತಿಗಳಾಗಲಿ ಇನ್ನೂ ತಲೆಯೆತ್ತದೆ, ಹೊಳೆ ದಾಟಬೇಕೆಂದವರಿಗೆ ಅಂಬಿಗರ ತೋಳ್ಬಲವೊಂದೇ ಸೇತುವೆಯಾಗಿದ್ದ ಯುಗದಲ್ಲಿ, ಹಿರೇತಡಿ ಎಂಬ ಗ್ರಾಮದಲ್ಲಿ ರೇವವ್ವ ಎಂಬ ಅಂಬಿಗರ ಹೆಣ್ಣುಮಗಳು ಬಾಳುತ್ತಿದ್ದಳು. ಆಕೆಯ ಪತಿ ಬೊಮ್ಮಣ್ಣನು ಸುಳಿಗೆ ಸಿಕ್ಕಿ ಗತಿಸಿದಾಗ ಮಗಳು ಹೂವಕ್ಕ ಇನ್ನೂ ಮೊಲೆಗೂಸು. ಗಂಡನ ಹುಟ್ಟನ್ನು ತಾನು ಕೈಗೆತ್ತಿಕೊಂಡ ರೇವವ್ವನನ್ನು ಕುಲದ ಹಿರಿಯರು ತಡೆದು, "ಹೆಂಗಸು ಹುಟ್ಟು ಹಾಕಿದ್ರ ಹೊಳಿ ಮುನೀತದ" ಎಂದರು.

"ಗಂಡಸು ಹಾಕಿದಾಗ ನಕ್ಕಿತ್ತೇನ್ರಿ ಹೊಳಿ?" ಎಂದ ಆಕೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಹರಿಗೋಲನ್ನು ನೀರಿಗೆ ನೂಕಿದಳು. ಅಂದಿನಿಂದ ಆಕೆಯ ಬದುಕೆಲ್ಲ ಎರಡು ದಡಗಳ ನಡುವೆಯೇ ಸವೆಯಿತು.

ಅರುಣೋದಯಕ್ಕೆ ಎದ್ದು, ತಡಿಯ ಮೇಲಿನ ಗಂಗವ್ವನ ಗುಡಿಯೆದುರು ಬೊಗಸೆ ನೀರು ಸುರಿದು, "ಹತ್ತಿದವರನ್ನ ಇಳಿಸು ತಾಯಿ" ಎಂದಿಷ್ಟೇ ಬೇಡಿ ಕಾಯಕಕ್ಕೆ ಇಳಿಯುವಳು. ಬೇರೆ ಮಂತ್ರ ಆಕೆ ಅರಿಯಳು. ದಿಬ್ಬಣದವರು, ದನ ಮಾರುವವರು, ಹೆರಿಗೆಗೆ ತವರಿಗೆ ಹೋಗುವ ಬಸುರಿಯರು, ಆಚೆ ದಡದ ಮಸಣಕ್ಕೆ ಹೊರಟ ಹೆಣಗಳು, ಯಾರಿಗೂ ಆಕೆ ಇಲ್ಲವೆಂದವಳಲ್ಲ. ಅಂಗೈಯ ಚರ್ಮವು ಹರಿಗೋಲಿನ ತೊಗಲಿಗಿಂತ ಒರಟಾಯಿತು. ಹೂವಕ್ಕ ಹರಿಗೋಲಿನಲ್ಲೇ ಅಂಬೆಗಾಲಿಟ್ಟಳು. ತೂಗಾಡುವ ತಳದ ಮೇಲೆ ನಡಿಗೆ ಕಲಿತವಳಾದ್ದರಿಂದ ಗಟ್ಟಿನೆಲಕ್ಕೆ ಇಳಿದಾಗ ತತ್ತರಿಸುತ್ತಿದ್ದಳೆಂದು ಊರವರು ನಗುತ್ತಿದ್ದರಂತೆ.

ಪ್ರಾಪ್ತವಯಸ್ಕಳಾದ ಮಗಳನ್ನು ರೇವವ್ವ ನದೀಮಧ್ಯದಲ್ಲಿರುವ ಬನ್ನಿಗಡ್ಡಿ ಎಂಬ ನಡುಗಡ್ಡೆಯ ಮನೆತನಕ್ಕೆ ಕೊಟ್ಟು ಧಾರೆಯೆರೆದಳು. ಕಣ್ಣಳತೆಯ ದೂರ. ಸಂಜೆ ಮಗಳ ಮನೆಯ ದೀಪ ಮಿನುಗಿದ್ದನ್ನು ಕಂಡಮೇಲೆಯೇ ತಾಯಿ ರೊಟ್ಟಿ ಮುರಿಯುತ್ತಿದ್ದಳು. ಸಂವತ್ಸರ ತಿರುಗುವುದರೊಳಗೆ ಹೂವಕ್ಕನಿಗೂ ಒಂದು ಹೆಣ್ಣುಕೂಸಾಯಿತು.

ಹೀಗಿರಲು, ಒಂದು ಶ್ರಾವಣದಲ್ಲಿ, ಇಲ್ಲಿಯ ಆಕಾಶ ನಿರ್ಮಲವಾಗಿದ್ದಾಗಲೇ, ದೂರದ ಪಶ್ಚಿಮಗಿರಿಗಳಲ್ಲಿ ಸುರಿದ ಮಳೆಯೆಲ್ಲ ಒಂದಾಗಿ ಕೆಂಪು ಪ್ರವಾಹವಾಗಿ ಹೊರಳಿ ಬಂದಿತು. ಗಡ್ಡೆಯನ್ನು ಅಂಚು ಅಂಚಾಗಿ ನೀರು ನುಂಗಿತು. ಗಡ್ಡೆಯಲ್ಲಿದ್ದ ಒಂದೇ ದೋಣಿಯೊಂದಿಗೆ ಹೂವಕ್ಕನ ಗಂಡ ಮೊದಲೇ ಕೊಚ್ಚಿಹೋಗಿದ್ದನು. ಹಿರೇತಡಿಯ ಅಂಬಿಗರು ತಮ್ಮ ಹರಿಗೋಲುಗಳನ್ನು ದಿಬ್ಬಕ್ಕೆಳೆದು ಕವುಚಿ ಹಾಕಿದರು. ನೀರಿಗಿಳಿದವಳು ರೇವವ್ವ ಒಬ್ಬಳೇ.

ಗಡ್ಡೆಯನ್ನು ಆಕೆ ಮುಟ್ಟಿದಾಗ ಹೂವಕ್ಕ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಕುರುಡಿ ಅತ್ತೆಯ ಕೈ, ಹಿಂದೆ ಮಕ್ಕಳನ್ನು ಅವಚಿಕೊಂಡ ಹೆಂಗಸರು. ಹೂವಕ್ಕ ಒಬ್ಬೊಬ್ಬರನ್ನಾಗಿ ಹತ್ತಿಸಿದಳು, ಅತ್ತೆಯನ್ನು ಕೂರಿಸಿದಳು, ಕೂಸನ್ನು ತಾಯಿಯ ಮಡಿಲಿಗಿಟ್ಟಳು. ಹರಿಗೋಲಿನ ಅಂಚು ನೀರಿಗೆ ಸಮನಾಗಿತ್ತು.

"ನೀನೂ ಹತ್ತು ಯವ್ವಾ" ಎಂದಳು ರೇವವ್ವ.

"ನಾ ಹತ್ತಿದ್ರ ಎಲ್ಲಾರೂ ಮುಳುಗ್ತೀವಿ. ಇವ್ರನ್ನ ಬಿಟ್ಟು ಬಾ. ಮತ್ತ ಬರ್ತೀಯಲ್ಲ?"

"ಬರ್ತೀನಿ. ಬನ್ನಿ ಗಿಡ ಹತ್ತಿ ಕೂಡು. ಬಂದೇ ಬರ್ತೀನಿ."

ಹತ್ತಿದವರನ್ನೆಲ್ಲ ದಡಕ್ಕಿಳಿಸಿ ಆಕೆ ಹಿಂದಿರುಗಿದಳು. ಆದರೆ ನಡುಹೊಳೆಯಲ್ಲಿ, ಬೇರುಸಮೇತ ತೇಲಿಬಂದ ಮಹಾವೃಕ್ಷವೊಂದು ಹರಿಗೋಲಿಗೆ ಬಡಿದು, ಅದನ್ನು ಬಹುದೂರ ಕೆಳಕ್ಕೆ ಸೆಳೆದೊಯ್ದಿತು. ಪ್ರವಾಹದೊಡನೆ ಸೆಣಸಿ, ತೋಳು ಸೋತು, ಮರಳಿ ಮೇಲಕ್ಕೆ ಬರುವಷ್ಟರಲ್ಲಿ ಗಡ್ಡೆಯೂ ಇರಲಿಲ್ಲ, ಬನ್ನಿಯ ಮರವೂ ಇರಲಿಲ್ಲ. ನೊರೆ ಮಾತ್ರ ಸುತ್ತುತ್ತಿತ್ತು. "ಹೂವಾ!" ಎಂದು ಕೂಗಿದಳು. ಗಂಟಲು ಕಟ್ಟುವ ತನಕ ಕೂಗಿದಳು. ಶವವೂ ದೊರೆಯಲಿಲ್ಲ.

ಅಂದಿನಿಂದ ರೇವವ್ವ ಗುಡಿಯ ಕಡೆ ಮುಖ ಮಾಡಲಿಲ್ಲ. ಹುಟ್ಟನ್ನು ಮಾತ್ರ ಬಿಡಲಿಲ್ಲ. ದಡದಲ್ಲಿ ನಿಂತು ಕರೆಯುವವರು ತಪ್ಪೇನು ಮಾಡಿದ್ದರು? ಮೊಮ್ಮಗಳಿಗೆ ನೀಲವ್ವನೆಂದು ಹೆಸರಿಟ್ಟು, ಮೇಕೆಯ ಹಾಲು ಕುಡಿಸಿ ಸಾಕಿದಳು. ದಿಕ್ಕಿಲ್ಲದ ಕುರುಡಿ ಬೀಗತಿಯನ್ನೂ ತನ್ನ ಮನೆಯಲ್ಲೇ ಇರಿಸಿಕೊಂಡಳು. ಬುದ್ಧಿ ಮಸಕಾಗಿದ್ದ ಆ ಮುದುಕಿ ಸಂಜೆಯಾದರೆ ಕೇಳುವಳು: "ರೇವಾ, ನಮ್ಮ ಸೊಸಿ ಬಂದಳೇನ?"

"ಇಲ್ಲ ಬೀಗತಿ. ಉಣ್ಣು, ನಾಳಿ ನೋಡೋಣು" ಎನ್ನುತ್ತ ರೇವವ್ವ ಆಕೆಯ ಬಾಯಿಗೆ ತುತ್ತಿಡುವಳು. ಮುದುಕಿ ಕಣ್ಣುಮುಚ್ಚುವವರೆಗೂ ಆ ಪ್ರಶ್ನೆ ತಪ್ಪಲಿಲ್ಲ, ಆ ಉತ್ತರವೂ ತಪ್ಪಲಿಲ್ಲ.

ಕಾಲ ಕಳೆಯಿತು. ನೀರಿಳಿದು ಮತ್ತೆ ತಲೆಯೆತ್ತಿದ ಬನ್ನಿಗಡ್ಡಿಯ ಮೇಲೆ ಮೆಕ್ಕಲುಮಣ್ಣು ಕೂತು ಭೂಮಿ ಫಲವತ್ತಾಯಿತು. ಆಸೆಯ ಜನ ಮತ್ತೆ ಅಲ್ಲಿ ಗುಡಿಸಲು ಹಾಕಿದರು, ತೊಟ್ಟಿಲು ಕಟ್ಟಿದರು. ನೀಲವ್ವ ಹುಟ್ಟು ಹಾಕುವ ಪ್ರಾಯಕ್ಕೆ ಬಂದಳು. ಮತ್ತೊಂದು ಶ್ರಾವಣದ ಪ್ರಾತಃಕಾಲದಲ್ಲಿ ರೇವವ್ವ ನೀರಿಗೆ ಕೈಯದ್ದಿ ನೋಡಿದರೆ ಅದೇ ಕೆಂಪು, ಅದೇ ತಂಪು. ಆಕೆ ನೇರವಾಗಿ ಗುಡಿಗೆ ನಡೆದು, ಹೊಸ್ತಿಲ ಮೇಲೆ ಹುಟ್ಟನ್ನು ಊರಿ ನಿಂತಳು.

"ಹುಟ್ಟು ಹಿಡದಾಗಿಂದ ನಿನ್ನ ಮಡಿಲಾಗ ದುಡದೀನಿ. ಹತ್ತಿದವರನ್ನ ಇಳಿಸು ಅಂದೆ, ಇಳಿಸಿದಿ. ಹತ್ತಲಾರದೆ ನಿಂತಾಕಿ ನಿನಗ ಮಗಳಲ್ಲೇನು? ಕಲ್ಲೇನು ನೀನು?"

ಆಗ ಗರ್ಭಗೃಹದೊಳಗಿಂದ, ತುಂಬಿದ ಹೊಳೆಯ ಮೊರೆತದಂತೆ ದಿವ್ಯವಾಣಿಯೊಂದು ಹೊಮ್ಮಿತು:

"ಎಲೌ ರೇವೆ! ಕಲ್ಲಾಗಿದ್ದರೆ ನಿಲ್ಲುತ್ತಿದ್ದೆ, ನಾನು ನೀರು. ತಗ್ಗಿನತ್ತ ಹರಿಯುವುದೇ ನನಗೆ ವಿಧಿಸಿದ ಧರ್ಮ. ಎದುರಿಗೆ ತೊಟ್ಟಿಲಿದ್ದರೂ ನಿಲ್ಲುವ ಸ್ವಾತಂತ್ರ್ಯ ನನಗಿಲ್ಲ. ನಿನ್ನ ಮಗಳ ಕಡೆಯ ಕೂಗನ್ನು ಕೇಳಿದವಳು ನಾನೊಬ್ಬಳೇ. 'ಅವ್ವಾ, ಬರಬ್ಯಾಡ, ನೀರು ಭಾಳ ಐತಿ' ಎಂದಳು. ಆ ಕೂಗು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಗಡ್ಡೆಯ ಶಿರೋಭಾಗದಲ್ಲಿ ತಾಯೊಬ್ಬಳು ಅಡ್ಡ ನಿಂತರೆ ನಾನು ಇಬ್ಭಾಗವಾಗಿ ಹರಿದೇನು. ಆದರೆ ನಿಂತವಳಿಗೆ ದಡವಿಲ್ಲ, ದಣಿವಿಗೆ ಕೊನೆಯಿಲ್ಲ, ನನ್ನ ಪೆಟ್ಟಿಗೆ ವಿರಾಮವಿಲ್ಲ. ಬಲವಂತವಿಲ್ಲ, ಯೋಚಿಸು."

ರೇವವ್ವ ಹುಟ್ಟನ್ನು ಬದಿಗಿಟ್ಟು ಹೊಸ್ತಿಲ ಮೇಲೆ ಕುಳಿತಳು. ಬರಬ್ಯಾಡ ಅಂದಳೇ? ಇಷ್ಟು ವರ್ಷವೂ, ತಾಯಿ ಬರಲಿಲ್ಲವೆಂದು ಬೈಯುತ್ತ ಮಗಳು ಸತ್ತಳೆಂದೇ ಆಕೆ ತಿಳಿದಿದ್ದಳು. ಮಗಳು ಹೋದ ದಿನವೂ ಅಳದಿದ್ದ ಆ ತಾಯಿ ಅಂದು ಅತ್ತಳು. ಬಳಿಕ ಸೆರಗಿನಿಂದ ಮುಖವೊರೆಸಿಕೊಂಡು, "ಪೆಟ್ಟು ನನಗ ಹೊಸಾದಲ್ಲ" ಎಂದಳು.

ಮನೆಗೆ ಬಂದು ಮೊಮ್ಮಗಳ ತಲೆ ಬಾಚಿ ಜಡೆ ಹಾಕಿದಳು. ಹುಟ್ಟನ್ನು ಆಕೆಯ ಕೈಗಿತ್ತು, ಗಡ್ಡೆಯ ಮೇಲ್ತುದಿಗೆ ತನ್ನನ್ನು ಬಿಡಲು ಹೇಳಿದಳು. ಅಜ್ಜಿ ಇಳಿಯುವಾಗ ನೀಲವ್ವ ಕೇಳಿದಳು:

"ಸಂಜೀಕ ಕರಕೊಂಡು ಹೋಗಾಕ ಬರ್ಲೇನಬೇ ಅಮ್ಮಾ?"

ಬಾ ಎಂದು ಸುಳ್ಳಾಡಲು ಆಕೆಗೆ ಮನಸ್ಸಾಗಲಿಲ್ಲ. "ಬ್ಯಾಡ ಕೂಸ. ಹೊಳಿ ದಾಟವರು ಕಾಯ್ತಿರ್ತಾರ, ಹೋಗು" ಎಂದಳು.

ಅರ್ಧದಾರಿಯಲ್ಲಿ ನೀಲವ್ವ ತಿರುಗಿ ನೋಡಿದಾಗ ಪ್ರವಾಹವು ಪರ್ವತೋಪಮವಾಗಿ ಬಂದೆರಗುತ್ತಿತ್ತು. ಅದರೆದುರು, ಕಾಲಗಲಿಸಿ ಎದೆಯೊಡ್ಡಿ ನಿಂತಿದ್ದ ಅಜ್ಜಿಯ ಕೆಂಪು ಸೀರೆ ಕಂಡಿತು. ನೊರೆ ಇಳಿದಾಗ ಸೀರೆಯ ಬಣ್ಣದ ಕಲ್ಲು ಕಂಡಿತು. ನೀರು ಎರಡಾಗಿ ಸೀಳಿ ಗಡ್ಡೆಯ ಇಕ್ಕೆಲಗಳಲ್ಲಿ ಹರಿಯಿತು. ಒಂದು ಗುಡಿಸಲೂ ತೋಯಲಿಲ್ಲ. ಗಡ್ಡೆಯ ಜನ ಹರ್ಷೋದ್ಗಾರ ಮಾಡುತ್ತಿದ್ದಾಗ ಆ ಹುಡುಗಿ ಒಬ್ಬಳೇ, ಹುಟ್ಟು ಹಾಕುವುದನ್ನು ಮರೆತು, ಹರಿಗೋಲು ಸುತ್ತಿದತ್ತ ಸುತ್ತುತ್ತ ಕುಳಿತಿದ್ದಳು.

ಆ ಕೆಂಬಣ್ಣದ ಶಿಲೆಯೇ ಈಗ ಭಕ್ತಾದಿಗಳು ದರ್ಶಿಸುವ ಅವ್ವನಬಂಡೆ. ಶ್ರಾವಣದಲ್ಲಿ ಹೊಸ ನೀರು ಬಂದ ದಿನ ಗಂಗವ್ವನ ಗುಡಿಯಲ್ಲಿ ಮಂಗಳಾರತಿ ಬೆಳಗುವ ಮುನ್ನ, ಅರ್ಚಕರು ತಡಿಯಲ್ಲಿ ನಿಂತು ಬಂಡೆಯ ಕಡೆಗೆ ಮೊದಲ ಆರತಿ ಎತ್ತುತ್ತಾರೆ. ಅದು ದೇವಿಯ ಅಪ್ಪಣೆಯೆಂದು ಪ್ರತೀತಿ. ಬಂಡೆಯ ಮುಂಭಾಗದಲ್ಲಿ ಭೋರ್ಗರೆತ; ಹಿಂಭಾಗದಲ್ಲಿ, ಗಡ್ಡೆಗೂ ಅದಕ್ಕೂ ನಡುವೆ, ನೀರು ಸದ್ದಿಲ್ಲದೆ ಕೊಳದಂತೆ ನಿಂತಿರುತ್ತದೆ. ಬೇಸಗೆಯಲ್ಲಿ ಹೊಳೆ ಬಡವಾದಾಗ, ಮಕ್ಕಳನ್ನು ಕಳೆದುಕೊಂಡ ತಾಯಂದಿರು ದೂರದೂರದಿಂದ ಬಂದು ಅಲ್ಲಿಗೆ ಹೋಗುತ್ತಾರೆ. ಅವರಿಗೆ ಸಂಕಲ್ಪವಿಲ್ಲ, ಹರಕೆಯಿಲ್ಲ, ತೀರ್ಥಪ್ರಸಾದಗಳೂ ಇಲ್ಲ. ಅಂಬಿಗನು ಬಂಡೆಯ ಮರೆಯಲ್ಲಿ ಹರಿಗೋಲು ನಿಲ್ಲಿಸಿ ಮುಖ ತಿರುಗಿಸಿ ಕೂರುತ್ತಾನೆ. ಅವರು ಅತ್ತು ಮುಗಿಸುವ ತನಕ, ದಡದಲ್ಲಿ ಎಷ್ಟೇ ಜನ ಕಾಯುತ್ತಿರಲಿ, ಯಾರೂ ಅವಸರ ಮಾಡುವುದಿಲ್ಲ.