ಅಳುವ ಗಂಧರಾಜ

ಮಹಾಲಿಂಗ ಗುರುಗಳು ತೀರಿಕೊಂಡ ದುಃಖಕ್ಕೆ ಅವರ ಗಂಧರಾಜದ ಗಿಡ ಅಳುತ್ತಿದೆ ಎಂದು ಆ ಕಾಲಕ್ಕೆ ಎಲ್ಲರೂ ನಂಬಿದ್ದರು.

ನಂಬದಿರಲು ಕಾರಣವೂ ಕಾಣುತ್ತಿರಲಿಲ್ಲ. ಹೊಳೆದಂಡೆಯ ಆ ಆಶ್ರಮದಲ್ಲಿ, ಗುರುಗಳ ಗದ್ದುಗೆಯ ಎದುರಿಗೆ, ದೊಡ್ಡ ಮಣ್ಣಿನ ಕುಂಡದಲ್ಲಿ ಗಿಡ ನಿಂತಿತ್ತು. ಚಿಗುರೆಲ್ಲ ಹಳದಿಯಾಗಿ ಎಲೆಯ ನರ ಮಾತ್ರ ಹಸಿರಾಗಿ ಉಳಿದಿತ್ತು. ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆಗಳಿದ್ದವು. ಅವು ಕಣ್ಣೀರಿನ ಕಲೆ ಎಂದು ಯಾರೋ ಹೇಳಿದರು. ಯಾರು ಹೇಳಿದರೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಇಂಥ ಮಾತುಗಳಿಗೆ ತಂದೆತಾಯಿ ಇರುವುದಿಲ್ಲ.

ಒಂದು ಶುಕ್ರವಾರ ಹೊಳೆಯಾಚೆಯ ಪುಟ್ಟತಾಯಮ್ಮ ಗಿಡದ ಬುಡಕ್ಕೆ ಅರಿಶಿನ ಹಾಕಿ ನೀರೆರೆದಳು. ನೋಡನೋಡುತ್ತಲೇ ಅರಿಶಿನ ಕೆಂಪಾಯಿತು. ಅಂದಿನಿಂದ ಗಿಡ ರಕ್ತವನ್ನೇ ಅಳುತ್ತದೆ ಎಂದಾಯಿತು. ದೋಣಿಯವನಿಗೆ ಬಿಡುವಿಲ್ಲದಂತಾಯಿತು.

ಗಿಡವನ್ನು ನೋಡಿಕೊಳ್ಳುತ್ತಿದ್ದವನು ಕಪನಯ್ಯ, ಮಹಾಲಿಂಗ ಗುರುಗಳ ಶಿಷ್ಯ. ಅದು ಯಾಕೆ ಅಳುತ್ತಿದೆ ಎಂಬುದು ಉಳಿದವರಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದು ಅವನು ತಿಳಿದಿದ್ದ.

ಗುರುಗಳಿಗೆ ಉಬ್ಬಸ ಹೆಚ್ಚಾದ ವರ್ಷ ಅವನು ಆಶ್ರಮ ಬಿಟ್ಟು ಹೋಗಿದ್ದ. ಹೊಳೆಯ ಮೇಲುಗಡೆ ಹೆಸರಾದ ಇನ್ನೊಬ್ಬ ಗುರುಗಳಿದ್ದರು. ಅಲ್ಲಿ ಜ್ಞಾನ ಬೇಗ ಸಿಗುತ್ತದೆಂದು ಕೇಳಿದ್ದ. ಹೊರಟು ನಿಂತಾಗ ಮಹಾಲಿಂಗ ಗುರುಗಳು ಇರು ಎನ್ನಲಿಲ್ಲ. ಅವರು ಕೇಳಿದ್ದು ಇಷ್ಟೇ:

"ನನ್ನ ಗಿಡಕ್ಕೆ ನೀರು ಹಾಕುವವರು ಯಾರಪ್ಪಾ?"

"ಯಾರಿಗಾದರೂ ಹೇಳಿ ಬುದ್ಧಿ. ನಾನು ತೋಟದ ಕೆಲಸಕ್ಕೆ ಬಂದವನಲ್ಲ" ಎಂದಿದ್ದ ಕಪನಯ್ಯ.

ಹೊಳೆಯ ಮೇಲುಗಡೆ ಜ್ಞಾನ ಸಿಗಲಿಲ್ಲ. ಗುರುಗಳು ಹೋದ ಸುದ್ದಿ ಸಿಕ್ಕಿತು, ಅದೂ ತಡವಾಗಿ.

ಅವನು ಹಿಂದಿರುಗುವ ಹೊತ್ತಿಗೆ ಗದ್ದುಗೆಯ ಸುತ್ತ ಹುಲ್ಲು ಬೆಳೆದಿತ್ತು. ಆಶ್ರಮ ಗವಿಯಪ್ಪ ಗುರುಗಳ ಪಾಲಿಗೆ ಬಂದಿತ್ತು. ಅವರು ಮಹಾಲಿಂಗ ಗುರುಗಳ ಹಿರಿಯ ಶಿಷ್ಯರು. ಯಾಕೆ ಹೋದೆ ಎಂದು ಅವರು ಕೇಳಲಿಲ್ಲ. ಯಾಕೆ ಬಂದೆ ಎಂದೂ ಕೇಳಲಿಲ್ಲ. ಒಂದು ಚಾಪೆ ತೋರಿಸಿದರು.

ಅಂಗಳದ ಕುಂಡದಲ್ಲಿ ಗಂಧರಾಜ ಹಸಿರಾಗಿ ನಿಂತಿತ್ತು. ಕಪನಯ್ಯ ಅದಕ್ಕೆ ಅಡ್ಡಬಿದ್ದ. ಕ್ಷಮೆ ಕೇಳಲು ಅವನಿಗೆ ಉಳಿದಿದ್ದದ್ದು ಅದೊಂದೇ.

ಸೇವೆ ಶುರುವಾಯಿತು. ಮಹಾಲಿಂಗ ಗುರುಗಳು ಚಳಿ ಕಾಯಿಸುತ್ತಿದ್ದ ಅಗ್ಗಿಷ್ಟಿಕೆಯನ್ನು ಅವನು ಆರಲು ಬಿಡಲಿಲ್ಲ. ದಿನ ಬೆಳಗಾದರೆ ಅದರ ಬೂದಿಯನ್ನು ಬೊಗಸೆ ತುಂಬ ತಂದು ಗಿಡದ ಬುಡಕ್ಕೆ ಹಾಕುತ್ತಿದ್ದ. ಹಬ್ಬಹುಣ್ಣಿಮೆಗೆ ಕುಂಡದ ಒಳಬಾಯಿಗೂ ಹೊರಗೂ ಸುಣ್ಣ ಬಳಿದು ಕಾವಿಯ ಪಟ್ಟೆ ಎಳೆಯುತ್ತಿದ್ದ. ಸಂಜೆ ದೀಪ ಹಚ್ಚಿ, ಬಾವಿಯಿಂದ ಕೊಡ ನೀರು ಸೇದಿ, ಗಿಡದ ನೆತ್ತಿಯ ಮೇಲೆ ಸುರಿದು ಅಭಿಷೇಕ ಮಾಡುತ್ತಿದ್ದ.

ಗುರುಗಳು ಹೋದಾಗ ಅಳದ ಗಿಡ ಅವನು ಬಂದ ಮೇಲೆ ಅಳತೊಡಗಿತು. ಇದನ್ನು ಊರಿನವರು ಗಮನಿಸಲಿಲ್ಲ. ಕಪನಯ್ಯ ಗಮನಿಸಿದ. ಸಿಟ್ಟು ತನ್ನ ಮೇಲೆಯೇ ಎಂದುಕೊಂಡು ಇನ್ನೊಂದು ಬೊಗಸೆ ಬೂದಿ ಹಾಕಿದ.

ಗಿಡ ಹಳದಿಯಾದಷ್ಟೂ ಬೂದಿ ಹೆಚ್ಚಿತು. ಬೂದಿ ಹೆಚ್ಚಿದಷ್ಟೂ ಗಿಡ ಹಳದಿಯಾಯಿತು.

ಕೊನೆಗೆ ಎಲೆಗಳು ಮುಟ್ಟಿದರೆ ಉದುರತೊಡಗಿದವು. ಆಗ ಅವನು ಗವಿಯಪ್ಪ ಗುರುಗಳ ಮುಂದೆ ಹೋಗಿ ನಿಂತ.

"ಬುದ್ಧಿ, ಗಿಡ ಸಾಯುತ್ತಿದೆ. ಅವರು ನನ್ನನ್ನು ಇನ್ನೂ ಕ್ಷಮಿಸಿಲ್ಲ."

"ಗಿಡಕ್ಕೆ ಏನೇನು ಮಾಡಿದೆ?"

ಕಪನಯ್ಯ ಬೂದಿಯಿಂದ ಹಿಡಿದು ಅಭಿಷೇಕದವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಪೂರ್ತಿ ಕೇಳಿಸಿಕೊಂಡರು.

"ಇಷ್ಟೆಲ್ಲ ಸೇವೆ ನನಗೆ ಮಾಡಿದ್ದರೆ ಓಡಿಹೋಗುತ್ತಿದ್ದೆ. ಪಾಪ, ಅದಕ್ಕೆ ಕಾಲಿಲ್ಲ."

ಆರತಿಯ ತಟ್ಟೆ ತರಲು ಹೇಳಿದರು. ತಂದ. ಅದರಲ್ಲಿ ಅರಿಶಿನದ ನೀರು ಮಾಡಲು ಹೇಳಿದರು. ಮಾಡಿದ. ನೀರು ಹಳದಿಯಾಗಿ ನಿಂತಿತು.

"ಆರತಿಗೆ ಇದನ್ನು ಕೆಂಪು ಮಾಡುವುದು ಹೇಗೆ?"

"ಸುಣ್ಣ ಕಲಸಿ, ಬುದ್ಧಿ." ಹೇಳಿದವನೇ ಸುಣ್ಣದ ಕರಡಿಗೆಗೆ ಕೈ ಹಾಕಿದ.

ಗುರುಗಳು ಆ ಕೈಯನ್ನು ತಡೆದರು. ಅಂಗಳಕ್ಕೆ ಹೋಗಿ ಕುಂಡದಿಂದ ಒಂದು ಚಿಟಿಕೆ ಮಣ್ಣು ತಂದು ತಟ್ಟೆಗೆ ಹಾಕಿದರು. ನೀರು ಕೆಂಪಾಯಿತು.

"ಇದು ಯಾರ ರಕ್ತ?"

ಕಪನಯ್ಯ ತಟ್ಟೆಯನ್ನೇ ನೋಡಿದ. ಸಂಜೆಯ ಆರತಿಗೆ ಅದೇ ನೀರನ್ನು ದಿನವೂ ಅವನೇ ಕಲಸುತ್ತಿದ್ದ. ಅದೇ ಕೆಂಪು ಅವನ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ಗಂಧರಾಜಕ್ಕೆ ಹುಳಿ ಮಣ್ಣು ಆಗಬೇಕು" ಎಂದರು ಗುರುಗಳು. "ನೀನು ಸುಣ್ಣ ತಿನ್ನಿಸಿದೆ, ಬೂದಿ ತಿನ್ನಿಸಿದೆ. ಎಷ್ಟು ಉಂಡರೂ ಅದಕ್ಕೆ ಮೈ ಹತ್ತುತ್ತಿಲ್ಲ."

"ಚುಕ್ಕೆಗಳು, ಬುದ್ಧಿ?"

"ರಾತ್ರಿಯೆಲ್ಲ ಒದ್ದೆ ಬಟ್ಟೆಯಲ್ಲಿ ಮಲಗಿ ನೋಡು. ನಿನಗೂ ಏಳುತ್ತವೆ."

"ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಗಿಡದ ಹತ್ತಿರ ಮಾತಾಡುತ್ತಿದ್ದೆ. ನನ್ನನ್ನು ಕೇಳಿದ್ದು ಇವತ್ತು."

ಮರುದಿನ ಇಬ್ಬರೂ ಸೇರಿ ಗಿಡವನ್ನು ಕುಂಡದಿಂದ ಬಿಡಿಸಿದರು. ಬೇರಿಗೆ ಮೆತ್ತಿದ್ದ ಬೂದಿಮಣ್ಣನ್ನು ಹೊಳೆಯ ನೀರಿನಲ್ಲಿ ತೊಳೆದರು. ಸುಣ್ಣ ಕಾಣದ ಹೊಸ ಕುಂಡ ಬಂತು. ಅದಕ್ಕೆ ಕೆಂಪು ಮಣ್ಣು, ಮರಳು, ಕೊಳೆತ ತರಗೆಲೆಯ ಗೊಬ್ಬರ ತುಂಬಿದರು. ಬಾವಿಯ ನೀರು ಗಡಸು, ಇನ್ನು ಮೇಲೆ ಹೊಳೆಯ ನೀರನ್ನೇ ತಾ, ಬೆಳಿಗ್ಗೆ ಹಾಕು, ಬುಡಕ್ಕೆ ಮಾತ್ರ ಹಾಕು ಎಂದರು ಗುರುಗಳು. ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು ದೂರದಲ್ಲಿ ಸುಡಿಸಿದರು.

ಕೆಲವನ್ನು ಕೀಳಲಿಲ್ಲ. ಎಲ್ಲವನ್ನೂ ಕಿತ್ತರೆ ಗಿಡವೇ ಬೋಳಾಗುತ್ತಿತ್ತು.

"ಇವುಗಳ ಮೇಲಿನ ಕಲೆ ಹೋಗುತ್ತದೆಯೇ, ಬುದ್ಧಿ?"

"ಬಿದ್ದ ಕಲೆ ಹೋಗುವುದಿಲ್ಲ. ಹೊಸ ಎಲೆಗೆ ಬೀಳದಂತೆ ನೋಡಿಕೊ."

ಶುಕ್ರವಾರ ಬಂತು. ಅರಿಶಿನ ಅರಿಶಿನವಾಗಿಯೇ ಉಳಿಯಿತು. ಜನ ಬಹಳ ಹೊತ್ತು ಕಾದು ಎದ್ದರು.

"ಅಳೋ ಗಿಡಾನ ಸುಮ್ಮನಾಗಿಸಿಬಿಟ್ಟೆಯಲ್ಲೋ" ಎಂದಳು ಪುಟ್ಟತಾಯಮ್ಮ. "ಇನ್ನು ನಾವು ಏನು ನೋಡೋಕೆ ಬರೋದು?"

ಅವಳು ಮತ್ತೆ ಬರಲಿಲ್ಲ. ದೋಣಿಯವನಿಗೆ ನಿದ್ದೆ ಮಾಡಲು ಪುರುಸೊತ್ತು ಸಿಕ್ಕಿತು.

ಕಪನಯ್ಯ ಹೊಳೆಯಿಂದ ನೀರು ಹೊತ್ತ. ಬೇಸಿಗೆಯಲ್ಲಿ ಹೊಳೆ ಇಳಿದು ದೂರ ಸರಿದಾಗಲೂ ಹೊತ್ತ. ಸುಡುವ ಮರಳಿನ ಮೇಲೆ ಕೊಡ ಹೊತ್ತು ನಡೆಯುವಾಗ ಹಳೆಯ ಪ್ರಶ್ನೆ ಕಿವಿಯಲ್ಲಿ ಕೇಳಿಸುತ್ತಿತ್ತು: ನನ್ನ ಗಿಡಕ್ಕೆ ನೀರು ಹಾಕುವವರು ಯಾರಪ್ಪಾ? ಗುರುಗಳು ಅಂದು ಕೇಳಿದ್ದು ಗಿಡದ ವಿಷಯವಲ್ಲ ಎಂದು ಅವನಿಗೆ ಆ ಬಿಸಿಲಿನಲ್ಲಿ ಹೊಳೆಯಿತು. ನಾನು ಹಾಕುತ್ತೇನೆ ಬುದ್ಧಿ ಎಂದು ಈಗ ಹೇಳಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳಲು ಗಿಡವೊಂದೇ ಇತ್ತು.

ಮಳೆ ಬಿತ್ತು. ಚಿಗುರು ಕಡುಹಸಿರಾಗಿ ಬಂತು. ಒಂದು ಬೆಳಿಗ್ಗೆ ಬಿಳಿಯ ಹೂವೊಂದು ಅರಳಿ ಅಂಗಳವೆಲ್ಲ ಘಮಘಮಿಸಿತು.

ಕಪನಯ್ಯ ಹೂವನ್ನು ಗದ್ದುಗೆಯ ಮೇಲಿಟ್ಟು ಅಲ್ಲೇ ಕುಳಿತು ಅತ್ತ. ಆಮೇಲೆ ಗವಿಯಪ್ಪ ಗುರುಗಳನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದ. ಅವರು ಗೊಬ್ಬರ ಜರಡಿ ಹಿಡಿಯುತ್ತಿದ್ದರು.

"ಬುದ್ಧಿ, ಅವರು ನನ್ನನ್ನು ಕ್ಷಮಿಸಿದರು."

"ಯಾರು ಹೇಳಿದರು?"

"ಅವರ ಗಿಡ ಹೂ ಬಿಟ್ಟಿದೆ."

ಗುರುಗಳ ಕೈ ನಿಂತಿತು. ಅವನ ಮುಖ ನೋಡಿದರು. ಆ ಮುಖ ಅಷ್ಟು ಹಗುರಾಗಿದ್ದುದನ್ನು ಅವರು ಹಿಂದೆ ನೋಡಿರಲಿಲ್ಲ. ಜರಡಿಯನ್ನು ಕೆಳಗಿಟ್ಟು, ಕೈಯ ಮಣ್ಣು ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಂಡರು.

"ಅವರ ಗಿಡ ನೀನು ಹೋದ ಬೇಸಿಗೆಯಲ್ಲೇ ಒಣಗಿಹೋಯಿತು, ಕಪನಯ್ಯ. ನೀರು ಹಾಕುವವರಿರಲಿಲ್ಲ. ಇದು ಅವರು ತೀರಿಕೊಂಡ ಮೇಲೆ ನಾನು ಸಂತೆಯಿಂದ ತಂದದ್ದು."