ಇಲ್ಲವ್ವನ ಒರತೆ

ಹುಣಸಿಗಟ್ಟಿಯ ಹಿಂದಿರುವ ಬೋಳುಗುಡ್ಡವನ್ನು ಅರ್ಧ ಹತ್ತಿದರೆ ಎರಡು ಬಂಡೆಗಳ ನಡುವೆ ಮೊರದಗಲದ ಒಂದು ಗುಂಡಿ ಸಿಗುತ್ತದೆ. ಅದೇ ಇಲ್ಲವ್ವನ ಒರತೆ. ಮನೆಮನೆಗೆ ನಲ್ಲಿ ಬಂದ ಮೇಲೂ ನಮ್ಮೂರಿನವರು ಕುಡಿಯಲು ಈ ನೀರನ್ನೇ ತರುತ್ತಾರೆ. ಬೇಳೆ ಬೇಗ ಬೇಯುತ್ತದೆ, ಬಾಯಿಗೂ ರುಚಿ. ಭಾನುವಾರ ಬಂತೆಂದರೆ ಪೇಟೆಯವರೂ ಬೈಕಿಗೆ ಎರಡೆರಡು ಕ್ಯಾನು ಕಟ್ಟಿಕೊಂಡು ಬರುತ್ತಾರೆ. ಬರಲಿ, ಬೇಡ ಎಂದವರಾರು? ಆದರೆ ಹೆಸರು ಕೇಳಿ ನನಗೇ ಪಾಠ ಹೇಳುತ್ತಾರಲ್ಲ, ಆಗ ಮೈ ಉರಿಯುತ್ತದೆ. 'ಇಷ್ಟು ನೀರಿಟ್ಟುಕೊಂಡು ಇಲ್ಲವ್ವ ಅಂತೀರಲ್ಲ ಅಜ್ಜಾರ, ಅದು ಎಲ್ಲವ್ವ ಇರಬೇಕು' ಎನ್ನುತ್ತಾರೆ. ಯಾರೋ ಪುಣ್ಯಾತ್ಮರು ಬಂಡೆಯ ಮೇಲೆ ಬಣ್ಣದಲ್ಲಿ ಹಾಗೆಂದು ಬರೆದೂ ಹೋಗಿದ್ದಾರೆ. ಅಯ್ಯಾ, ಎಲ್ಲವ್ವ ದೊಡ್ಡ ದೇವರು, ಅವಳಿಗೆ ಅವಳದೇ ಗುಡ್ಡವಿದೆ. ಇಲ್ಲಿಯವಳು ದೇವರಲ್ಲ. ತಪ್ಪು ಮಾಡಿದ ಒಬ್ಬ ಹೆಂಗಸು, ಅದೂ ನಮ್ಮ ಮನೆತನದವಳು. ಹೇಳಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹಿಂದೆ ಒಮ್ಮೆ, ಎಷ್ಟು ತಲೆಮಾರು ಹಿಂದೆ ಎಂದು ಕೇಳಬೇಡಿ, ಇಡೀ ಊರಿಗೆ ಈ ಒರತೆಯೇ ಗತಿಯಾಗಿತ್ತು. ಆಗ ನಮ್ಮವರು 'ಇಲ್ಲ' ಎಂಬ ಮಾತನ್ನು ಬಾಯಿಗೆ ತರುತ್ತಿರಲಿಲ್ಲ. ಬಳೆ ಒಡೆದರೆ ಹೆಚ್ಚಿದವು ಎನ್ನುವುದು, ದೀಪ ಆರಿಸುವಾಗ ದೊಡ್ಡದು ಮಾಡು ಎನ್ನುವುದು ನಿಮಗೂ ಗೊತ್ತಿರಬೇಕು. ಹಾಗೆಯೇ ಒರತೆ ಬತ್ತಿದ ದಿನ 'ನೀರು ಹೆಚ್ಚೈತಿ' ಎನ್ನುವುದು ಆಗಿನ ರೂಢಿ. ಇಲ್ಲ ಎಂದರೆ ನೀರಿನ ತಾಯಿ ಗಂಗವ್ವ ಅದನ್ನು ಕೇಳಿಸಿಕೊಂಡು ಎದ್ದು ಹೋಗಿಬಿಡುತ್ತಾಳೆ ಎಂಬ ಭಯ. ಇಳಿದು ಬರುವವರು ಹೆಚ್ಚೈತಿ ಎಂದರೆ, ಹತ್ತುವವರು ಖಾಲಿ ಕೊಡ ಹೊತ್ತು ಅಲ್ಲಿಂದಲೇ ಹಿಂತಿರುಗುತ್ತಿದ್ದರು.

ಒಂದು ಕೆಟ್ಟ ಬೇಸಿಗೆಯಲ್ಲಿ ನಮ್ಮ ಮನೆತನದ ನಿಂಬೆವ್ವ ಎಂಬವಳು ನಸುಕಿನಿಂದ ನಡುಹಗಲಿನವರೆಗೆ ಕೂತು, ತೆಂಗಿನ ಚಿಪ್ಪಿನಿಂದ ಬಳಿದು ಬಳಿದು ಒಂದು ಕೊಡ ತುಂಬಿಸಿದಳು. ಒರತೆಯಲ್ಲಿ ಮತ್ತೆ ಹನಿ ಉಳಿಯಲಿಲ್ಲ. ಮನೆಯಲ್ಲಿ ಮಗಳು ಬಾಣಂತಿ. ಗುಡ್ಡ ಇಳಿದು ಬಂಡಿಜಾಡಿಗೆ ಬಂದಾಗ ಎದುರಿಗೆ ಪರವೂರಿನ ಹೆಂಗಸೊಬ್ಬಳು ನಿಂತಿದ್ದಳು. ಹೊಳೆದಂಡೆಯಿಂದ ಚಾಪೆ ಮಾರಲು ಬಂದವಳು; ಬಿಸಿಲು ಬಡಿದ ಗಂಡನನ್ನು ಬೇವಿನ ಮರದ ಕೆಳಗೆ ಮಲಗಿಸಿ ನೀರು ಹುಡುಕುತ್ತಿದ್ದಳು. 'ಯಕ್ಕಾ, ಮ್ಯಾಲೆ ನೀರು ಐತೇನು?' ಎಂದು ಕೇಳಿದಳು. 'ಹೆಚ್ಚೈತವ್ವಾ' ಎಂದಳು ನಿಂಬೆವ್ವ. ಹೊಳೆಯ ನೀರು ಕುಡಿದು ಬೆಳೆದವರಿಗೆ ನೀರು ಮುಗಿಯುವುದೇ ಗೊತ್ತಿಲ್ಲ, ಇನ್ನು ಅದನ್ನು ಮರೆಮಾಚುವ ಮಾತು ಎಲ್ಲಿಂದ ತಿಳಿಯಬೇಕು? ಆ ಹೆಂಗಸಿನ ಮುಖ ಅರಳಿತು. ಮೇಲೆ ಬೇಕಾದಷ್ಟಿರುವಾಗ ಹೊತ್ತು ತಂದವಳ ಕೊಡಕ್ಕೆ ಕೈಯೊಡ್ಡುವುದು ಯಾಕೆಂದು, ಬೊಗಸೆ ನೀರನ್ನೂ ಕೇಳದೆ ಗುಡ್ಡ ಹತ್ತಿದಳು. ಆ ಮುಖ ಅರಳಿದ್ದನ್ನು ನಿಂಬೆವ್ವ ಕಣ್ಣಾರೆ ಕಂಡಳು. ಕರೆದು ಹೇಳಬಹುದಿತ್ತು. ಹೇಳಿದರೆ ಕೊಡದಲ್ಲಿ ಪಾಲು ಕೊಡಬೇಕಾಗುತ್ತಿತ್ತು. ಮನೆಯ ಕಡೆ ಕಾಲು ಹಾಕಿದಳು.

ಒಣಗಿದ ಗುಂಡಿಯನ್ನು ಕಂಡ ಹೆಂಗಸು ಇದಲ್ಲ, ಹೆಚ್ಚು ನೀರಿರುವ ಒರತೆ ಬೇರೆಲ್ಲೋ ಇದೆ ಎಂದುಕೊಂಡಳು. ಗುಡ್ಡವನ್ನೆಲ್ಲ ಸುತ್ತಿದಳು, ಬಂಡೆಯ ಸಂದುಸಂದಿಗೆ ಕೈ ಹಾಕಿದಳು. ಹೊತ್ತು ವಾಲಿದ ಮೇಲೆ ಬರಿಗೈಯಲ್ಲಿ ಇಳಿದು ಬಂದಾಗ ಗಂಡನ ಉಸಿರು ನಿಂತಿತ್ತು. ಊರವರು ಸೇರಿ ಮಣ್ಣು ಮಾಡಿದರು. ಮರುದಿನ ನಿಂಬೆವ್ವ ಅಂಬಲಿ ಹಿಡಿದು ಆ ಹೆಂಗಸಿನ ಬಳಿ ಹೋದಳಂತೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಂಬೆವ್ವನ ಕೈ ಹಿಡಿದು, 'ನೀನು ಸರಿಯಾಗೇ ಹೇಳಿದ್ದಿ ಯಕ್ಕಾ, ನನ್ನ ಸುಡುಗಾಡು ಕಣ್ಣಿಗೆ ಕಾಣಲಿಲ್ಲ. ನಾನ ಕೊಂದೆ ಅವನ್ನ' ಎಂದು ಅತ್ತಳು. ನಿಂಬೆವ್ವ ನಿಜ ಹೇಳದೆ ಅಂಬಲಿ ಇಟ್ಟು ಮನೆಗೆ ಬಂದಳು. ಹೊಳೆಯ ಕಡೆ ಹೊರಟಿದ್ದ ಬಂಡಿಯೊಂದರಲ್ಲಿ ಆ ಹೆಂಗಸು ಹೊರಟುಹೋದಳು.

ಮೂರನೆಯ ದಿನ ತಡೆಯಲಾರದೆ ನಿಂಬೆವ್ವ ಹಿಂದೆಯೇ ಓಡಿದಳು. ಹೊಳೆದಂಡೆಯ ಊರೂರು ತಿರುಗಿದಳು. ಏನೆಂದು ವಿಚಾರಿಸುವುದು? ಅವಳ ಹೆಸರನ್ನೇ ಕೇಳಿಕೊಂಡಿರಲಿಲ್ಲವಲ್ಲ! ಸೋತು ಬಂದು ಹಿರಿಯರ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. 'ಊರು ಆಡೋ ಮಾತ ಆಡೀದಿ, ಬಿಡು' ಎಂದರು ಅವರು. 'ಮಾತು ಊರಿಂದು ರೀ. ಕೊಡ ನನ್ನದಾಗಿತ್ತು' ಎಂದಳಂತೆ. ಅಂದಿನಿಂದ ಸಾಯುವವರೆಗೂ ಒರತೆಯ ದಾರಿಯಲ್ಲೇ ಕೂತು, ನೀರಿದ್ದರೆ ಐತಿ ಎಂದೂ ಬತ್ತಿದರೆ ಇಲ್ಲ ಎಂದೂ ಬಂದವರಿಗೆಲ್ಲ ಹೇಳಿದಳು. ಊರಿಗೆ ಕೇಡು ತರುವ ಇಲ್ಲವ್ವ ಎಂದು ಜನ ಉಗಿದರು. ಆ ಬೈಗುಳವೇ ಹೆಸರಾಗಿ ನಿಂತಿತು. ಗಂಗವ್ವ ಮಾತ್ರ ಎಲ್ಲಿಗೂ ಹೋಗಲಿಲ್ಲ ಎನ್ನುತ್ತಾರೆ.

ಈಗಲೂ ಕಡುಬೇಸಿಗೆಯಲ್ಲಿ ಒರತೆ ಒಂದೆರಡು ವಾರ ಬತ್ತುತ್ತದೆ. ಆಗ ಬಂದವರು ನೋಡಬಹುದು: ನಮ್ಮ ಹೆಂಗಸರು 'ಇಲ್ಲ' ಎಂದು ನೇರವಾಗಿ ಹೇಳಿ, ತಮ್ಮ ತಂಬಿಗೆಯಿಂದ ಬಂದವರ ಬೊಗಸೆಗೆ ನೀರು ಸುರಿಯುತ್ತಾರೆ. ಆಮೇಲೆ ಇನ್ನೊಂದು ಮಾತು ಹೇಳುತ್ತಾರೆ: 'ನೀ ಸರಿಯಾಗೇ ನೋಡೀದಿಯವ್ವಾ, ತಪ್ಪು ನಿಂದಲ್ಲ.' ಎದುರಿಗಿರುವವನು ಮೀಸೆ ಹೊತ್ತ ಗಂಡಸಾದರೂ 'ಅವ್ವಾ' ಎಂದೇ ಹೇಳುವುದು. ಪಾಪ, ಅವರಿಗೆ ತಬ್ಬಿಬ್ಬಾಗುತ್ತದೆ. ಇದನ್ನು ಕೇಳಿಸಿಕೊಳ್ಳಬೇಕಿದ್ದ ಆ ಚಾಪೆಯವಳು ಕೇಳದೆಯೇ ಹೋದಳು. ನಾವು ಬಂದವರಿಗೆಲ್ಲ ಹೇಳುತ್ತಿದ್ದೇವೆ.